ಜಗಲಿಯೊಳಗೆ ಹಿಡಿಸುವ ಲೆನ್ಸ್

ಉತ್ತರ ಕನ್ನಡದಲ್ಲಿ ನೋಡಲೇಬೇಕಾದ ಬಹಳಷ್ಟು ಸಂಗತಿಗಳು ನಡೆಯುವುದು ಬೆಳಕು ಕಡಿಮೆ ಇರುವಾಗ. ಯಕ್ಷಗಾನ ರಂಗೇರುವುದು ರಾತ್ರಿ ಊಟ ಮುಗಿದ ಮೇಲೆ. ಶಿರಸಿಯ ಬೇಡರ ವೇಷ ಬೀದಿಗಿಳಿಯುವುದು ಹೋಳಿಯ ರಾತ್ರಿಗಳಲ್ಲಿ, ಅದೂ ಎರಡು ವರ್ಷಕ್ಕೊಮ್ಮೆ, ಮಾರಿಕಾಂಬೆಯ ಜಾತ್ರೆ ಇಲ್ಲದ ವರ್ಷ. ಆಲೆಮನೆಗೆ ಹೋಗುವುದಾದರೆ ಕತ್ತಲಾದ ಮೇಲೆ ಹೋಗಬೇಕು, ಕೊಪ್ಪರಿಗೆಯ ಅಡಿಯ ಬೆಂಕಿಯೇ ಅಲ್ಲಿನ ದೊಡ್ಡ ದೀಪ. ಅಡಿಕೆ ಸುಲಿಯುವವರು ಜಗಲಿಯಲ್ಲಿ ಒಂದು ಬಲ್ಬಿನ ಕೆಳಗೆ ಸಾಲಾಗಿ ಕೂರುತ್ತಾರೆ. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟಿನಿಂದ ಮೀನು ಇಳಿಸುವ ಗದ್ದಲ ನೋಡಬೇಕೆಂದರೆ ಸೂರ್ಯ ಮೇಲೆ ಬರುವ ಮೊದಲೇ ಅಲ್ಲಿರುವುದು ಒಳ್ಳೆಯದು. ಮಳೆಗಾಲದಲ್ಲಂತೂ ಅಡಿಕೆ ತೋಟದ ಒಳಗೆ ಮಧ್ಯಾಹ್ನ ಹನ್ನೆರಡಕ್ಕೂ ಸಂಜೆಯ ಹಾಗೇ ಇರುತ್ತದೆ.

ಟ್ರಿಪ್‌ಗೆ ಒಂದೇ ಒಂದು ಪ್ರೈಮ್ ಲೆನ್ಸ್ (ಝೂಮ್ ಆಗದ ಲೆನ್ಸ್) ಒಯ್ಯುವುದಾದರೆ ಯಾವುದು ಎಂದು ಗೆಳೆಯರು ಕೇಳುತ್ತಿರುತ್ತಾರೆ. ಹೆಚ್ಚಿನವರು ಕೇಳುವಾಗಲೇ ಉತ್ತರವನ್ನೂ ಜೊತೆಗೇ ತಂದಿರುತ್ತಾರೆ. 50 ಎಂಎಂ ಎಫ್/1.8. ಹಿಂದೆಲ್ಲ ಚೆನ್ನಾಗಿ ಬ್ಲರ್ ಆಗುತ್ತದೆ, ಬೆಲೆಯೂ ಕಡಿಮೆ. ಬ್ಲರ್ ಇಷ್ಟಪಡುವವರ ಜೊತೆ ನನಗೆ ಜಗಳವಿಲ್ಲ. ಆದರೆ ಈ ಜಿಲ್ಲೆ ಸುತ್ತಲು ಹೊರಟವರಿಗೆ ನಾನು ಹೇಳುವುದೇ ಬೇರೆ. ಇಲ್ಲಿ ದೊಡ್ಡ ಅಪರ್ಚರ್, ಅಂದರೆ ಲೆನ್ಸಿನಲ್ಲಿ ಬೆಳಕು ಬರುವ ದೊಡ್ಡ ಕಿಂಡಿ, ಬೇಕಾಗುವುದು ಬೆಳಕಿಗೆ. ಇನ್ನು ಫೋಕಲ್ ಲೆಂತ್ (ನೋಟ ಎಷ್ಟು ಅಗಲ ಎಂದು ಹೇಳುವ ಎಂಎಂ ಅಂಕಿ) ಎಷ್ಟಿರಬೇಕು ಎಂಬುದನ್ನು ನಮ್ಮ ಜಗಲಿ, ಯಕ್ಷಗಾನದವರು ವೇಷ ಕಟ್ಟುವ ಚೌಕಿ, ದೋಣಿಗಳ ಅಳತೆಯೇ ತೀರ್ಮಾನ ಮಾಡುತ್ತದೆ.

ಮೊದಲು ಬೆಳಕಿನ ಲೆಕ್ಕ. ಎಫ್ ಸಂಖ್ಯೆ ಅಂದರೆ ಫೋಕಲ್ ಲೆಂತನ್ನು ಲೆನ್ಸಿನ ಬೆಳಕಿನ ಕಿಂಡಿಯ ಅಗಲದಿಂದ ಭಾಗಿಸಿದಾಗ ಬರುವ ಅಂಕಿ. 35 ಎಂಎಂ ಲೆನ್ಸಿನಲ್ಲಿ ಎಫ್/1.8 ಅಂದರೆ ಸುಮಾರು 19 ಮಿಲಿಮೀಟರ್ ಅಗಲದ ಕಿಂಡಿ. ಕ್ಯಾಮೆರಾ ಜೊತೆ ಬರುವ 18-55 ಕಿಟ್ ಲೆನ್ಸ್ 35 ಎಂಎಂ ಹತ್ತಿರ ಎಫ್/4.5 ಆಸುಪಾಸು ಕೊಡುತ್ತದೆ, ಅಂದರೆ 8 ಮಿಲಿಮೀಟರ್ ಕಿಂಡಿ. ಬೆಳಕು ಒಳಗೆ ಬರುವುದು ಕಿಂಡಿಯ ವಿಸ್ತಾರದ ಲೆಕ್ಕದಲ್ಲಿ. ಹಾಗಾಗಿ ಪ್ರೈಮ್ ಲೆನ್ಸಿನಿಂದ ಸಿಗುವ ಬೆಳಕು ಆರು ಪಟ್ಟು ಜಾಸ್ತಿ. ಕಿಟ್ ಲೆನ್ಸನ್ನು 55ರ ತುದಿಗೆ ಎಳೆದರೆ ಅದು ಎಫ್/5.6ಕ್ಕೆ ಇಳಿಯುತ್ತದೆ, ಆಗ ವ್ಯತ್ಯಾಸ ಹತ್ತಿರ ಹತ್ತಿರ ಹತ್ತು ಪಟ್ಟು.

ಇದನ್ನು ಜಗಲಿಗೆ ತಂದು ನೋಡಿ. ಶಿರಸಿ, ಸಿದ್ದಾಪುರದ ಕಡೆ ಅಡಿಕೆ ಕೊಯ್ಲು ಶುರುವಾದರೆ ರಾತ್ರಿ ಸುಲಿಯುವ ಕೆಲಸ ತಡವಾಗಿಯೂ ನಡೆಯುತ್ತದೆ. ಹಸಿ ಅಡಿಕೆಯನ್ನು ಸುಲಿದು, ಬೇಯಿಸಿ, ಚೊಗರು (ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ರಸ) ಹಿಡಿಸಿ ಒಣಗಿಸಬೇಕು. ಕೊಯ್ದಿದ್ದನ್ನು ಹಾಗೇ ಬಿಟ್ಟರೆ ಮಾಲು ಕೆಡುತ್ತದೆ. ಮೆಟ್ಟುಗತ್ತಿಯ ಮುಂದೆ ಕೂತವರ ಕೈ ಅಷ್ಟು ಬೇಗ ಓಡುತ್ತದೆ ಅಂದರೆ, ಕಣ್ಣಿಗೆ ಸಿಪ್ಪೆ ಹಾರುವುದಷ್ಟೇ ಕಾಣುತ್ತದೆ. ಒಂದು ಎಲ್‌ಇಡಿ ಬಲ್ಬಿನ ಬೆಳಕಿನಲ್ಲಿ ಎಫ್/1.8, ಐಎಸ್ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) 3200 ಇಟ್ಟುಕೊಂಡರೆ ಶಟರ್ ತೆರೆದಿರುವ ಹೊತ್ತು 1/100 ಸೆಕೆಂಡಿನ ಹತ್ತಿರ ಸಿಗುತ್ತದೆ ಎಂದುಕೊಳ್ಳಿ. ಅದೇ ಜಾಗದಲ್ಲಿ ಎಫ್/4.5ರ ಕಿಟ್ ಲೆನ್ಸ್ ಕೊಡುವುದು 1/15 ಮಾತ್ರ. ಇಲ್ಲವಾದರೆ ಐಎಸ್ಒ 20000ಕ್ಕೆ ಏರಿಸಬೇಕು.

ಸ್ಟೆಬಿಲೈಸೇಶನ್ ಇದೆಯಲ್ಲ ಎಂದು ಕೇಳುವವರಿದ್ದಾರೆ. ಅದು ಕ್ಯಾಮೆರಾ ಹಿಡಿದವರ ಕೈ ಅಲುಗಿದ್ದನ್ನು ಸರಿಮಾಡುತ್ತದೆ. ಅಡಿಕೆ ಸುಲಿಯುವವರ ಕೈಯನ್ನು ಅದು ನಿಲ್ಲಿಸಲಾರದು. ಈಗಿನ ಸಾಫ್ಟ್‌ವೇರುಗಳು ಐಎಸ್ಒ ಏರಿಸಿದಾಗ ಬರುವ ನಾಯ್ಸನ್ನು, ಅಂದರೆ ಕಾಳುಕಾಳು ಚುಕ್ಕೆಗಳನ್ನು, ಚೆನ್ನಾಗಿಯೇ ಒರೆಸುತ್ತವೆ, ಒಪ್ಪುತ್ತೇನೆ. ಆದರೆ 1/15ರಲ್ಲಿ ಅಳಿಸಿಹೋದ ಬೆರಳುಗಳನ್ನು ಅವು ವಾಪಸ್ ತರುವುದಿಲ್ಲ. ಫ್ಲಾಶ್? ನಮ್ಮ ಹಳೆಯ ಮನೆಗಳ ಮೇಲೆ ಬಿಳಿ ಸೀಲಿಂಗ್ ಇಲ್ಲ. ಹೊಗೆ ಕುಡಿದು ಕಪ್ಪಾದ ಅಟ್ಟದ ಹಲಗೆ ಇದೆ, ಹೆಂಚು ಇದೆ. ಫ್ಲಾಶನ್ನು ಮೇಲಕ್ಕೆ ತಿರುಗಿಸಿದರೆ ಬೆಳಕು ಅಲ್ಲೇ ಇಂಗಿಹೋಗುತ್ತದೆ. ನೇರವಾಗಿ ಮುಖಕ್ಕೆ ಹೊಡೆದರೆ ಆ ಜಗಲಿಯ ರಾತ್ರಿಯೇ ಫೋಟೋದಲ್ಲಿ ಉಳಿಯುವುದಿಲ್ಲ. ನಾನಂತೂ ಯಾರ ಮನೆಯೊಳಗೂ ಫ್ಲಾಶ್ ಬಳಸುವುದಿಲ್ಲ.

ಇನ್ನು ಎಷ್ಟು ಎಂಎಂ? ಇದು ನನಗೆ ತುಂಬ ಮುಖ್ಯವಾದ ಪ್ರಶ್ನೆ.

ಸೆನ್ಸರ್ ಅಂದರೆ ಕ್ಯಾಮೆರಾದೊಳಗೆ ಚಿತ್ರ ಮೂಡುವ ಚಿಪ್. ದೊಡ್ಡ ಅಳತೆಯ ಫುಲ್ ಫ್ರೇಮ್ ಸೆನ್ಸರಿನ ಅಗಲ 36 ಮಿಲಿಮೀಟರ್. ನಿಕಾನ್, ಸೋನಿ, ಫ್ಯೂಜಿಯ ಚಿಕ್ಕ ಅಳತೆಯ ಎಪಿಎಸ್-ಸಿ ಸೆನ್ಸರುಗಳ ಅಗಲ ಸುಮಾರು 23.5. ಕ್ಯಾನನ್‌ದು ಅದಕ್ಕಿಂತ ಚೂರು ಕಡಿಮೆ. ಈಗ ಒಂದು ಸುಲಭದ ಲೆಕ್ಕ. ಸೆನ್ಸರಿನ ಅಗಲ ಎಷ್ಟೋ ಫೋಕಲ್ ಲೆಂತೂ ಅಷ್ಟೇ ಇದ್ದರೆ, ನೀವು ಎಷ್ಟು ದೂರ ನಿಂತಿದ್ದೀರೋ ಅಷ್ಟೇ ಅಗಲದ ಜಾಗ ಫ್ರೇಮಿಗೆ ಬರುತ್ತದೆ. ಹತ್ತು ಅಡಿ ದೂರ ನಿಂತರೆ ಹತ್ತು ಅಡಿ ಅಗಲ. ನಾಲ್ಕು ಅಡಿ ದೂರ ಕೂತರೆ ನಾಲ್ಕು ಅಡಿ. ಫುಲ್ ಫ್ರೇಮಿನಲ್ಲಿ 35 ಎಂಎಂ, ಎಪಿಎಸ್-ಸಿಯಲ್ಲಿ 23 ಅಥವಾ 24 ಎಂಎಂ ಕೊಡುವುದು ಹೆಚ್ಚುಕಡಿಮೆ ಇದನ್ನೇ. ನಾನು ಒಯ್ಯಲು ಹೇಳುವುದು ಈ ಲೆನ್ಸನ್ನೇ, ಮುಂದೆ 35ರ ನೋಟ ಎನ್ನುವುದೂ ಇದಕ್ಕೇ. ಕ್ಯಾಮೆರಾ ಕಣ್ಣಿಗೆ ಹಿಡಿಯುವ ಮೊದಲೇ ಫ್ರೇಮಿನಲ್ಲಿ ಏನು ಬರುತ್ತದೆ ಎಂದು ಗೊತ್ತಾಗಿಬಿಡುತ್ತದೆ. ಸ್ವಲ್ಪ ದಿನ ಬಳಸಿದರೆ ಈ ಲೆಕ್ಕ ಕಾಲಿಗೇ ಅಭ್ಯಾಸವಾಗುತ್ತದೆ.

ಇದೇ ಹತ್ತು ಅಡಿಗೆ ಫುಲ್ ಫ್ರೇಮಿನ 50 ಎಂಎಂ ಏಳು ಅಡಿಯಷ್ಟು ಅಗಲ ಹಿಡಿಯುತ್ತದೆ. ಎಪಿಎಸ್-ಸಿ ಕ್ಯಾಮೆರಾಕ್ಕೆ ಅದೇ 50 ಹಾಕಿದರೆ ನಾಲ್ಕೂವರೆ ಅಡಿ ಆಸುಪಾಸು. ನಮ್ಮ ಕಡೆಯ ಜಗಲಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತರೂ ಎದುರಿನವರಿಗೂ ನಿಮಗೂ ಏಳಡಿ ಸಿಕ್ಕರೆ ಹೆಚ್ಚು. ಅಷ್ಟರಲ್ಲಿ ಎಪಿಎಸ್-ಸಿಯ 50 ಎಂಎಂ ಹಿಡಿಯುವುದು ಮೂರು ಅಡಿ ಚಿಲ್ಲರೆ. ಒಬ್ಬರ ಮುಖ, ಭುಜ ಬರುತ್ತದೆ. ಪಕ್ಕದಲ್ಲಿ ಕೂತ ಸೊಸೆ ಇಲ್ಲ, ಅಡಿಕೆಯ ರಾಶಿ ಇಲ್ಲ, ಸಿಪ್ಪೆಯ ಗುಡ್ಡೆಯ ಮೇಲೆ ಮಲಗಿದ ಬೆಕ್ಕೂ ಇಲ್ಲ. ಮುಖ ಚೆನ್ನಾಗಿ ಬಂದಿರಬಹುದು. ಆದರೆ ಆ ಫೋಟೋವನ್ನು ಎಲ್ಲಿ ಬೇಕಾದರೂ ತೆಗೆಯಬಹುದಿತ್ತು, ಅಲ್ವಾ? ಘಟ್ಟ ಹತ್ತಿ ಅಷ್ಟು ದೂರ ಬಂದದ್ದು ಆ ಜಾಗಕ್ಕಾಗಿಯೂ ಹೌದು.

ಹಾಗಿದ್ದರೆ ಎಲ್ಲರೂ 50 ಎಂಎಂ ಯಾಕೆ ಕೊಳ್ಳುತ್ತಾರೆ? ಕಾರಣ ಲೆನ್ಸಿನ ರಚನೆಯಲ್ಲಿದೆ. 1896ರಲ್ಲಿ ಜರ್ಮನಿಯ ಝೈಸ್ ಕಂಪನಿಯಲ್ಲಿ ಪಾಲ್ ರುಡಾಲ್ಫ್ ಎಂಬವರು ಪ್ಲಾನಾರ್ ಎಂಬ ಲೆನ್ಸನ್ನು ರೂಪಿಸಿದರು. ನಡುವಿನ ಕಿಂಡಿಯ ಎರಡೂ ಬದಿಗೆ ಹೆಚ್ಚುಕಡಿಮೆ ಒಂದೇ ಥರ ಜೋಡಿಸಿದ ಗಾಜುಗಳು. ಸಾಮಾನ್ಯ 50 ಎಂಎಂ ಎಫ್/1.8 ಲೆನ್ಸುಗಳು ಇವತ್ತಿಗೂ ಆ ವಂಶದವೇ. ಕ್ಯಾನನ್ 2015ರಲ್ಲಿ ತಂದ 50 ಎಂಎಂ ಎಫ್/1.8 ಎಸ್‌ಟಿಎಂ ಲೆನ್ಸಿನಲ್ಲಿ ಇರುವುದು ಆರೇ ಗಾಜು, ತೂಕ ಸುಮಾರು 160 ಗ್ರಾಂ. ಇಷ್ಟು ಸರಳವಾದ್ದರಿಂದ ಅಗ್ಗ. ಅಗಲ ನೋಟದ ಲೆನ್ಸಿಗೆ ಹೀಗೆ ಮಾಡಲು ಬರುತ್ತಿರಲಿಲ್ಲ. ಡಿಎಸ್ಎಲ್ಆರ್ ಒಳಗೆ ಕನ್ನಡಿ ಇರುತ್ತದೆ. ಅದಕ್ಕೆ ಜಾಗ ಬಿಡಲು ಲೆನ್ಸ್ ಕೂರುವ ಉಂಗುರ ಸೆನ್ಸರಿನಿಂದ ಕ್ಯಾನನ್ನಿನಲ್ಲಿ 44 ಮಿಲಿಮೀಟರ್ ಮುಂದಿರಬೇಕು, ನಿಕಾನಿನಲ್ಲಿ 46.5. ಅದಕ್ಕಿಂತ ಚಿಕ್ಕ ಫೋಕಲ್ ಲೆಂತ್ ಬೇಕೆಂದರೆ ಗಾಜಿನ ಮೇಲೆ ಗಾಜು ಸೇರಿಸಿ ಬೆಳಕನ್ನು ಸುತ್ತುಬಳಸಿ ತರಬೇಕು. ಬೆಲೆ, ತೂಕ ಎರಡೂ ಏರುತ್ತವೆ. 50 ಎಂಎಂ ಎಲ್ಲರ ಬ್ಯಾಗಿನಲ್ಲಿರುವುದು ಅದು ಪ್ರವಾಸಕ್ಕೆ ಹೇಳಿಮಾಡಿಸಿದ್ದು ಅಂತಲ್ಲ, ಕಡಿಮೆ ದುಡ್ಡಿಗೆ ಅಷ್ಟು ಬೆಳಕು ಕೊಡುವ ಲೆನ್ಸ್ ಬೇರೆ ಇರಲಿಲ್ಲ ಅಂತ. ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಆ ಅಂತರ 16ರಿಂದ 20 ಮಿಲಿಮೀಟರಿಗೆ ಇಳಿದಿದೆ. ಈಗ ನಿಕಾನ್ ಝಡ್ ಡಿಎಕ್ಸ್ 24 ಎಂಎಂ ಎಫ್/1.7 ಬರೀ 135 ಗ್ರಾಂ. ಫ್ಯೂಜಿಯ 23 ಎಂಎಂ ಎಫ್/2 180 ಗ್ರಾಂ, ಅದಕ್ಕೆ ಹನಿ ಮಳೆ ತಡೆಯುವ ಸೀಲಿಂಗೂ ಇದೆ. ಫುಲ್ ಫ್ರೇಮಿನವರಿಗೆ ಸೋನಿಯ 35 ಎಂಎಂ ಎಫ್/1.8 280 ಗ್ರಾಂ, ಕ್ಯಾನನ್ ಆರ್‌ಎಫ್ 35 ಎಂಎಂ ಎಫ್/1.8 ಸುಮಾರು 305 ಗ್ರಾಂ. ಈ ಕ್ಯಾನನ್ ಲೆನ್ಸ್ ಅರ್ಧ ಮ್ಯಾಕ್ರೋ ಕೂಡ ಹೌದು, ಚಿಕ್ಕ ವಸ್ತುಗಳನ್ನು ತೀರ ಹತ್ತಿರದಿಂದ ದೊಡ್ಡದಾಗಿ ಹಿಡಿಯುತ್ತದೆ. ಮಳೆಗಾಲದಲ್ಲಿ ಯಾಣದ ದಾರಿಯಲ್ಲಿ ಅಣಬೆ, ಕಪ್ಪೆ, ಹಾವಸೆ ನೋಡುತ್ತಾ ನಡೆಯುವವರಿಗೆ ಅದು ದೊಡ್ಡ ಲಾಭ.

ಹಳೆಯ ನಿಕಾನ್ ಡಿಎಸ್ಎಲ್ಆರ್ ಇರುವವರು ಒಂದು ವಿಷಯ ನೋಡಿಕೊಳ್ಳಿ. ಡಿ3500, ಡಿ5600 ಥರದ ಕ್ಯಾಮೆರಾಗಳ ಒಳಗೆ ಫೋಕಸ್ ಮೋಟರ್ ಇಲ್ಲ. ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಗುವ 50 ಎಂಎಂ ಎಫ್/1.8 ಡಿ ಲೆನ್ಸನ್ನು ಅವಕ್ಕೆ ಹಾಕಿದರೆ ಆಟೋಫೋಕಸ್ ಆಗುವುದೇ ಇಲ್ಲ. ಅವರಿಗೆ 2009ರಲ್ಲಿ ಬಂದ ಎಎಫ್-ಎಸ್ ಡಿಎಕ್ಸ್ 35 ಎಂಎಂ ಎಫ್/1.8 ಜಿ ಸರಿ. ಮೋಟರ್ ಲೆನ್ಸಿನ ಒಳಗೇ ಇದೆ, ತೂಕ 200 ಗ್ರಾಂ. ನೋಟ ನಾನು ಹೇಳುವುದಕ್ಕಿಂತ ಬಿಗಿ, ಹತ್ತು ಅಡಿಗೆ ಆರೂಮುಕ್ಕಾಲು ಅಡಿ ಅಗಲ. ಆದರೂ 50ಕ್ಕಿಂತ ಎಷ್ಟೋ ಆರಾಮ.

ಅಗಲದ ಮಾತಿನ ಜೊತೆಗೆ ಇನ್ನೊಂದು ಮಾತು ಬರುತ್ತದೆ. ಅದು ಮಾತಾಡುವ ದೂರ.

ಸಿದ್ದಾಪುರದ ಕಡೆಯ ಒಂದು ಮನೆಯಲ್ಲಿ ಅಂಗಳದಲ್ಲೇ ನಿಂತು ಜಗಲಿಯತ್ತ ನೋಡುತ್ತಿದ್ದಾಗ ಅಲ್ಲಿನ ಅಮ್ಮ ಕರೆದರು, "ಅಷ್ಟು ದೂರ ನಿಂತ್ಕಂಡು ಎಂತ ಫೋಟೋ ತೆಗಿತ್ಯೇ ತಂಗಿ, ಒಳಗೆ ಬಾ." ಒಳಗೆ ಹೋದರೆ ಚಾಪೆ ಬಂತು, ಕುಡಿಯಲು ಆಸರಿಗೆ ಬಂತು, ಊರು ಯಾವುದು, ಯಾರ ಮನೆ ಎಂಬ ವಿಚಾರಣೆಯೂ ಆಯಿತು. ಮೂರು ನಾಲ್ಕು ಅಡಿ ದೂರದಲ್ಲಿ ಕೂತು ಮಾತಾಡುತ್ತಾ ತೆಗೆದ ಫೋಟೋಗಳಲ್ಲಿ ಅವರು ನನ್ನ ಜೊತೆ ಮಾತಾಡುತ್ತಿರುವುದು ಕಾಣುತ್ತದೆ. 35ರ ನೋಟದಲ್ಲಿ ಆ ದೂರಕ್ಕೆ ಕುಳಿತ ಒಬ್ಬರು ತಲೆಯಿಂದ ಮಡಿಲವರೆಗೆ ಬರುತ್ತಾರೆ, ಎರಡೂ ಬದಿಗೆ ಮನೆಯೂ ಸ್ವಲ್ಪ ಬರುತ್ತದೆ. 85 ಎಂಎಂ ಹಾಕಿಕೊಂಡಿದ್ದರೆ ಅದೇ ಚೌಕಟ್ಟಿಗೆ ಎಂಟು ಹತ್ತು ಅಡಿ ದೂರದಲ್ಲಿ ನಿಲ್ಲಬೇಕಿತ್ತು. ಹತ್ತು ಅಡಿ ಆಚೆಯಿಂದ ಯಾರೂ ಮನೆಯ ಮಾತು ಆಡುವುದಿಲ್ಲ. ಹಾಗಂತ ಎರಡು ಅಡಿಗಿಂತಲೂ ಹತ್ತಿರ ಹೋಗಬೇಡಿ. ಅಷ್ಟು ಹತ್ತಿರಕ್ಕೆ ಯಾವ ಲೆನ್ಸಾದರೂ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದಂತೆ ಕಾಣುತ್ತದೆ. ಅದು ದೂರದ ಗುಣ, ಲೆನ್ಸಿನದ್ದಲ್ಲ.

ಅಂಕೋಲೆಯ ಹಾಲಕ್ಕಿ ಒಕ್ಕಲಿಗ ಅಜ್ಜಿಯಂದಿರ ವಿಷಯದಲ್ಲಿ ಇದು ನನಗೆ ಇನ್ನೂ ಗಟ್ಟಿಯಾಗಿ ಅನಿಸುತ್ತದೆ. ತುಳಸಿ ಗೌಡರು 2021ರಲ್ಲಿ ಬರಿಗಾಲಲ್ಲಿ ಹೋಗಿ ಪದ್ಮಶ್ರೀ ಪಡೆದ ಚಿತ್ರವನ್ನು ದೇಶವೇ ನೋಡಿದೆ. ಸುಕ್ರಿ ಬೊಮ್ಮಗೌಡರ ಹಾಡು, ಹೋರಾಟ ಎರಡೂ ನಮಗೆ ಗೊತ್ತು. ಈಗ ಇಬ್ಬರೂ ಇಲ್ಲ. ಆ ಉಡುಗೆ, ಕೊರಳ ತುಂಬಾ ಮಣಿಸರ ನೋಡಿದ ಕೂಡಲೇ ರಸ್ತೆಯ ಆಚೆಯಿಂದ ಉದ್ದದ ಲೆನ್ಸ್ ಎತ್ತುವವರನ್ನು ಸಂತೆಯಲ್ಲಿ ನೋಡುತ್ತೇನೆ. ನನಗೆ ಅದು ಹಿಡಿಸುವುದಿಲ್ಲ. ಹತ್ತಿರ ಹೋಗಿ ಕೇಳಬೇಕು, ತರಕಾರಿಯನ್ನೋ ಹೂವನ್ನೋ ಕೊಳ್ಳಬೇಕು, ಬೇಡ ಅಂದರೆ ಕ್ಯಾಮೆರಾ ಇಳಿಸಬೇಕು. ಕಾರವಾರದ ಮೀನು ಮಾರುಕಟ್ಟೆಯಲ್ಲೂ ಹಾಗೇ. ಬಂಗಡೆ, ಇಸ್ವಾಣ ಕೊಳ್ಳಲು ಬಂದ ಗಿರಾಕಿ ನಿಲ್ಲುವ ಜಾಗದಲ್ಲೇ ನಿಂತು ತೆಗೆಯುವ ಲೆನ್ಸ್ ಇದ್ದರೆ, ಕೇಳದೆ ತೆಗೆಯಲು ಆಗುವುದೇ ಇಲ್ಲ. ಇದನ್ನು ನಾನು ಆ ಲೆನ್ಸಿನ ದೊಡ್ಡ ಗುಣ ಎಂದೇ ಎಣಿಸುತ್ತೇನೆ.

ಯಕ್ಷಗಾನಕ್ಕೆ ಬರೋಣ. ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ್ದು 1934ರಲ್ಲಿ. ದೊಂದಿ, ಗ್ಯಾಸ್‌ಲೈಟಿನ ಆಟಗಳು ಈಗ ಎಲ್‌ಇಡಿ ಬೆಳಕಿಗೆ ಬಂದಿವೆ. ರಂಗಸ್ಥಳದ ಮೇಲೆ ಬೆಳಕು ಸಾಕಷ್ಟು ಇರುತ್ತದೆ. ಲೆನ್ಸಿನ ನಿಜವಾದ ಪರೀಕ್ಷೆ ಚೌಕಿಯಲ್ಲಿ. ಕಲಾವಿದರು ಪೆಟ್ಟಿಗೆಗಳ ನಡುವೆ ಸಾಲಾಗಿ ಕೂತು, ಕೈಗನ್ನಡಿ ನೋಡಿಕೊಂಡು ತಮ್ಮ ಬಣ್ಣವನ್ನು ತಾವೇ ಹಚ್ಚಿಕೊಳ್ಳುತ್ತಾರೆ. ಚಪ್ಪಲಿ ಹೊರಗೆ ಬಿಟ್ಟು, ಮೇಳದವರನ್ನು ಕೇಳಿ, ಅವರ ಕೆಲಸಕ್ಕೆ ಅಡ್ಡವಾಗದ ಒಂದು ಮೂಲೆ ಹಿಡಿದು ಕೂರಬೇಕು. ಅಲ್ಲಿ ಮೂರು ಅಡಿ ಸಿಕ್ಕರೆ ಪುಣ್ಯ. ಕೇದಿಗೆ ಮುಂದಲೆ ಎಂಬ ತಲೆಯುಡುಗೆ ಕಟ್ಟುವ ಕೈ, ಕನ್ನಡಿಯಲ್ಲಿ ಅರ್ಧ ಮುಖ, ಹಿಂದೆ ಬಣ್ಣ ಹಚ್ಚಿ ಮುಗಿಸಿ ಸುಮ್ನೆ ಕೂತ ಇನ್ನೊಂದು ವೇಷ, ಮೂರೂ ಒಂದೇ ಚಿತ್ರದಲ್ಲಿ ಬರಬೇಕಾದರೆ 35ರ ನೋಟವೇ ಬೇಕು.

ಇಲ್ಲಿ ಎಫ್/1.8ಕ್ಕೇ ಅಂಟಿಕೊಳ್ಳಬೇಡಿ ಅಂತಲೂ ಹೇಳಬೇಕು. ಫುಲ್ ಫ್ರೇಮಿನ 35 ಎಂಎಂ ಲೆನ್ಸನ್ನು ಒಂದು ಮೀಟರ್ ದೂರಕ್ಕೆ ಎಫ್/1.8ರಲ್ಲಿ ಹಿಡಿದರೆ ಫೋಕಸ್ ಚೊಕ್ಕವಾಗಿ ಇರುವುದು 9 ಸೆಂಟಿಮೀಟರಿನಷ್ಟು ಆಳಕ್ಕೆ ಮಾತ್ರ. ಕಣ್ಣು, ಮೂಗು ಬರುತ್ತದೆ. ಕಿವಿಯ ಆಭರಣ, ಕಿರೀಟದ ಹಿಂಭಾಗ ಮಸುಕಾಗುತ್ತದೆ. ಒಂದು ವೇಷದ ಅರ್ಧ ಸೊಗಸು ಕಿರೀಟದಲ್ಲೇ ಇರುವಾಗ ಅದನ್ನು ಮಸುಕು ಮಾಡುವುದು ಯಾಕೆ? ಬೆಳಕು ಒದಗಿದಾಗಲೆಲ್ಲ ನಾನು ಎಫ್/2.8, ಎಫ್/4ಕ್ಕೆ ಹೋಗುತ್ತೇನೆ. ದೊಡ್ಡ ಅಪರ್ಚರ್ ಇರುವುದು ಬೇಕಾದಾಗ ತೆರೆಯಲಿಕ್ಕೆ, ಯಾವಾಗಲೂ ತೆರೆದೇ ಇಡಲಿಕ್ಕಲ್ಲ.

ಎಲ್‌ಇಡಿ ದೀಪಗಳದ್ದು ಇನ್ನೊಂದು ಕಿರಿಕಿರಿ. ನಮ್ಮ ಕರೆಂಟು 50 ಹರ್ಟ್ಝ್. ಅಗ್ಗದ ಎಲ್‌ಇಡಿ, ಟ್ಯೂಬ್‌ಲೈಟುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣದಿದ್ದರೂ ಶಟರ್ ಜೋರಾಗಿಟ್ಟರೆ ಫೋಟೋದಲ್ಲಿ ಅಡ್ಡಪಟ್ಟೆಗಳಾಗಿ ಬೀಳುತ್ತದೆ. 1/100 ಅಥವಾ 1/50 ಇಟ್ಟರೆ ಪಟ್ಟೆ ಹೋಗುತ್ತದೆ. ಆದರೆ ಬಡಗುತಿಟ್ಟಿನ, ಅಂದರೆ ನಮ್ಮ ಕಡೆಯ ಯಕ್ಷಗಾನ ಶೈಲಿಯ, ಮಂಡಿ ಕುಣಿತ 1/100ಕ್ಕೆ ನಿಲ್ಲುವುದಿಲ್ಲ. ಹಾಗಾಗಿ ನಾನು ಕುಣಿತದ ನಡುವೆ ಕಾಯುತ್ತೇನೆ. ಭಾಗವತರ ಪದ ಮುಗಿದು, ಚಂಡೆ ಒಮ್ಮೆ ತಡೆದು, ವೇಷಧಾರಿ ತಿರುಗಿ ನಿಲ್ಲುವ ಒಂದು ಗಳಿಗೆ ಇದ್ದೇ ಇರುತ್ತದೆ. ಆಟ ನೋಡಿ ಬೆಳೆದವರಿಗೆ ಅದು ಯಾವಾಗ ಬರುತ್ತದೆ ಎಂದು ತಾಳದಿಂದಲೇ ಗೊತ್ತಾಗುತ್ತದೆ.

ಬೇಡರ ವೇಷದಲ್ಲಿ ಈ ಯಾವ ಸಮಾಧಾನವೂ ಇಲ್ಲ. ಬೆನ್ನಿಗೆ ನವಿಲುಗರಿ ಕಟ್ಟಿ, ಮೈಗೆ ಬಣ್ಣ ಬಳಿದು, ಕತ್ತಿ ಗುರಾಣಿ ಹಿಡಿದ ಬೇಡ ನುಗ್ಗುತ್ತಾನೆ. ಹಿಂದಿನಿಂದ ಹಗ್ಗ ಹಿಡಿದವರು ಜಗ್ಗುತ್ತಾರೆ. ತಮಟೆಯ ಸದ್ದಿಗೆ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಜನ ಒಮ್ಮೆ ಹಿಂದೆ ಸರಿದರೆ ನೀವೂ ಸರಿಯಲೇಬೇಕು, ಝೂಮ್ ತಿರುಗಿಸಲು ಕೈಯೇ ಬಿಡುವಾಗುವುದಿಲ್ಲ. ಅಂಥಲ್ಲಿ ಅಗಲ ಗೊತ್ತಿರುವ ಒಂದು ಲೆನ್ಸ್ ಕೈಯಲ್ಲಿದ್ದರೆ ಆಟಕ್ಕೆ ಕಣ್ಣು ಕೊಡಬಹುದು. ಅಂಗಡಿ ಬೋರ್ಡು, ಬೀದಿದೀಪಗಳ ಬೆಳಕಿನಲ್ಲಿ ಎಫ್/2, ಐಎಸ್ಒ 6400 ಇಟ್ಟು ಶಟರನ್ನು 1/250ರಿಂದ ಕೆಳಗೆ ಇಳಿಯದಂತೆ ನೋಡಿಕೊಳ್ಳುತ್ತೇನೆ. ಒಂದಷ್ಟು ಚಿತ್ರ ಪಟ್ಟೆಯಿಂದ ಹಾಳಾಗುತ್ತದೆ, ಆಗಲಿ. ಆಲೆಮನೆಯಲ್ಲಿ ಇದಕ್ಕೆ ಪೂರ್ತಿ ತಿರುಗುಮುರುಗು. ಅಲ್ಲಿ ಯಾರಿಗೂ ಅವಸರವಿಲ್ಲ. ಕಬ್ಬಿನ ಹಾಲು ಕುದಿದು ಬೆಲ್ಲವಾಗುವಷ್ಟು ಹೊತ್ತು ನಿಮ್ಮದೇ. ಒಲೆಯ ಬಾಯಿಗೆ ಎಕ್ಸ್‌ಪೋಶರ್ (ಬೆಳಕಿನ ಅಳತೆ) ಹಿಡಿಯಬೇಡಿ, ಬೆಂಕಿಯ ಬೆಳಕು ಬಿದ್ದ ಮುಖಕ್ಕೆ ಹಿಡಿಯಿರಿ. ಹಬೆ ಗಾಜಿನ ಮೇಲೆ ಕೂರುತ್ತದೆ, ಒಣಬಟ್ಟೆ ಕಿಸೆಯಲ್ಲಿರಲಿ.

ಎಫ್/1.4 ಯಾಕೆ ಬೇಡ? ಬೇಡ ಎಂದಲ್ಲ. ಎಫ್/1.8ಕ್ಕಿಂತ ಅದು ಕೊಡುವ ಬೆಳಕು ಒಂದೂವರೆ ಪಟ್ಟು ಚಿಲ್ಲರೆ ಜಾಸ್ತಿ, ಒಂದು ಸ್ಟಾಪಿಗೂ (ಬೆಳಕು ಎರಡು ಪಟ್ಟಾಗುವುದಕ್ಕೂ) ಕಡಿಮೆ. ತೂಕ ಮಾತ್ರ ಬೇರೆಯೇ. ಸಿಗ್ಮಾ 2012ರಲ್ಲಿ ತಂದ 35 ಎಂಎಂ ಎಫ್/1.4 ಆರ್ಟ್ ಲೆನ್ಸ್ ಬಹಳ ಒಳ್ಳೆಯದು, ತೂಕ 665 ಗ್ರಾಂ. ಅದನ್ನು ಕೊರಳಿಗೆ ಹಾಕಿಕೊಂಡು ಯಾಣದ ಮೆಟ್ಟಿಲು ಹತ್ತಿ, ಗೋಕರ್ಣದಿಂದ ಕುಡ್ಲೆ ದಾಟಿ ಓಂ ಬೀಚಿನವರೆಗೆ ಗುಡ್ಡ ಇಳಿದು ನಡೆದರೆ ಸಂಜೆಗೆ ಕ್ಯಾಮೆರಾ ಬ್ಯಾಗಿನೊಳಗೆ ಸೇರಿರುತ್ತದೆ. ಆಟ ಶುರುವಾಗುವುದು ಆಮೇಲೆ. ಪ್ರವಾಸದಲ್ಲಿ ಹಗುರವಾದದ್ದಕ್ಕೇ ನನ್ನ ಓಟು.

ಈ ಲೆನ್ಸಿಗೆ ಆಗದ ಕೆಲಸಗಳೂ ಇವೆ. ದಾಂಡೇಲಿಯ ಮಂಗಟ್ಟೆ ಹಕ್ಕಿಗೆ ಇದು ಏನೂ ಪ್ರಯೋಜನವಿಲ್ಲ. ಉಂಚಳ್ಳಿ ಜಲಪಾತ 116 ಮೀಟರ್ ಧುಮುಕುತ್ತದೆ, ನೋಡುವ ಕಟ್ಟೆಯಿಂದ ಅದರ ನೀರಿನ ಎಳೆ ಹಿಡಿಯಲು ಉದ್ದದ ಲೆನ್ಸ್ ಬೇಕು. ಯಾಣದ ಭೈರವೇಶ್ವರ ಶಿಖರ 120 ಮೀಟರ್. ಬುಡದಲ್ಲಿ ನಿಂತು ತಲೆ ಎತ್ತಿದರೆ 35ರ ನೋಟಕ್ಕೆ ಅರ್ಧವೂ ಬರುವುದಿಲ್ಲ. ಅದಕ್ಕೆ ಫೋನ್ ತೆಗೆಯಿರಿ. ಈಗಿನ ಫೋನುಗಳ ಮುಖ್ಯ ಕ್ಯಾಮೆರಾ 24-26 ಎಂಎಂ ನೋಟದ್ದು, ಪಕ್ಕದಲ್ಲಿ ಇನ್ನೂ ಅಗಲದ್ದೂ ಇರುತ್ತದೆ. ಹಗಲಿನ ಬೆಳಕಿನಲ್ಲಿ ಅವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಕಾರವಾರದ ಟ್ಯಾಗೋರ್ ಬೀಚಿನ ಸೂರ್ಯಾಸ್ತಕ್ಕೂ, ಚಾಪಲ್ ಯುದ್ಧನೌಕೆಯ ಮ್ಯೂಸಿಯಮ್ಮಿನ ಹೊರನೋಟಕ್ಕೂ ದೊಡ್ಡ ಅಪರ್ಚರಿನ ಲೆನ್ಸ್ ಏನೂ ಬೇಡ. ಮಧ್ಯಾಹ್ನದ ಮರಳಿನ ಮೇಲಂತೂ ಐಎಸ್ಒ 100ರಲ್ಲೂ ಎಫ್/1.8ಕ್ಕೆ 1/8000 ಶಟರ್ ಬೇಕಾಗುತ್ತದೆ. ಎಷ್ಟೋ ಕ್ಯಾಮೆರಾಗಳ ಶಟರ್ 1/4000ಕ್ಕೆ ಮುಗಿಯುತ್ತದೆ. ಎಫ್/8ಕ್ಕೆ ಇಳಿಸಿ ಆರಾಮಾಗಿ ತೆಗೆಯಿರಿ. ಅರಗಾದ ನೌಕಾನೆಲೆಯ ಕಡೆಗೆ ಮಾತ್ರ ಯಾವ ಕ್ಯಾಮೆರಾವನ್ನೂ ತಿರುಗಿಸಬೇಡಿ.

ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ 18-55 ಕಿಟ್ ಲೆನ್ಸನ್ನು 24ಕ್ಕೆ ಇಟ್ಟು ಝೂಮ್ ರಿಂಗಿಗೆ ಟೇಪ್ ಸುತ್ತಿ. ಒಂದು ವಾರ ಮನೆಯಲ್ಲಿ, ಪೇಟೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಅಷ್ಟರಲ್ಲೇ ತೆಗೆಯಿರಿ. ಮುಂದಿನ ವಾರ 35ಕ್ಕೆ. ಹಳೆಯ ಫೋಟೋಗಳ ಮಾಹಿತಿಯಲ್ಲೂ ಪ್ರತಿ ಚಿತ್ರದ ಫೋಕಲ್ ಲೆಂತ್ ಇರುತ್ತದೆ, ಇಷ್ಟವಾದವನ್ನು ಆರಿಸಿ ನೋಡಿ. ನೀವು ಜನರ ಜೊತೆ ಕೂರುವವರೋ ದೂರದಿಂದ ನೋಡುವವರೋ ಎಂದು ಅಲ್ಲೇ ತಿಳಿಯುತ್ತದೆ. ದೂರದಿಂದ ನೋಡುವವರಾದರೆ ನನ್ನ ಸಲಹೆ ಬಿಟ್ಟು 50 ಕೊಳ್ಳಿ, ಅದರಲ್ಲಿ ತಪ್ಪೇನಿಲ್ಲ. ಸೆಕೆಂಡ್ ಹ್ಯಾಂಡ್ ಲೆನ್ಸಾದರೆ ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ. ಜೇಡರ ಬಲೆಯ ಎಳೆಯಂಥದ್ದು ಕಂಡರೆ ಅದು ಫಂಗಸ್, ಬಿಟ್ಟುಬಿಡಿ. ಒಂದೆರಡು ಧೂಳಿನ ಕಣಕ್ಕೆ ಹೆದರಬೇಕಿಲ್ಲ.

ಫಂಗಸ್ ನಮ್ಮ ಕರಾವಳಿಯಲ್ಲಿ ದೊಡ್ಡ ಶತ್ರು. ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರಿನಲ್ಲಿ ಲೆನ್ಸನ್ನು ಬಟ್ಟೆಯ ಬ್ಯಾಗಿನಲ್ಲಿಟ್ಟು ಕಪಾಟಿಗೆ ಹಾಕಿದರೆ ಮಳೆಗಾಲ ಮುಗಿಯುವುದರೊಳಗೆ ಒಳಗಿನ ಗಾಜಿನ ಮೇಲೆ ಎಳೆ ಹಬ್ಬಬಹುದು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಒಂದು ಚಿಕ್ಕ ಮೀಟರ್ ಸಾಕು. ತೇವ ಶೇಕಡಾ 40ರಿಂದ 50ರ ನಡುವೆ ಇರಲಿ. ಜೆಲ್ ಬಣ್ಣ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿ ಮತ್ತೆ ಬಳಸಬಹುದು. ಎಲ್ಲಕ್ಕಿಂತ ಒಳ್ಳೆಯದು ಲೆನ್ಸನ್ನು ಆಗಾಗ ಹೊರಗೆ ತಂದು ಬಳಸುವುದು. ಎಸಿ ರೂಮಿನಿಂದ ಹೊರಗೆ ಬಂದ ಕೂಡಲೇ ಗಾಜು ಮಂಜಾಗುತ್ತದೆ, ಬ್ಯಾಗಿನೊಳಗೇ ಇಪ್ಪತ್ತು ಮೂವತ್ತು ನಿಮಿಷ ಬಿಟ್ಟು ತೆಗೆಯಿರಿ. ಕಡಲ ದಂಡೆಯಿಂದ ಬಂದ ಮೇಲೆ ಫಿಲ್ಟರ್, ಲೆನ್ಸಿನ ಮೈ ಎರಡನ್ನೂ ಚೂರೇ ಒದ್ದೆಯಾದ ಬಟ್ಟೆಯಿಂದ ಒರೆಸಿ. ಉಪ್ಪು ಒಣಬಟ್ಟೆಗೆ ಹೋಗುವುದಿಲ್ಲ, ಮೊದಲೇ ಮರಳು ಕೂತಿದ್ದರೆ ಒಣಬಟ್ಟೆ ಗೀರು ಹಾಕುತ್ತದೆ. ದಂಡೆಯ ಮೇಲೆ ಲೆನ್ಸ್ ಬದಲಿಸುವ ಕೆಲಸವೇ ಇಲ್ಲದಿರುವುದು ಒಂದೇ ಲೆನ್ಸ್ ಒಯ್ಯುವವರಿಗೆ ಸಿಗುವ ಇನ್ನೊಂದು ನೆಮ್ಮದಿ.

ಹೊಸ ಲೆನ್ಸ್ ಹಿಡಿದು ಬರಲು ಯಾವ ಕಾಲ ಒಳ್ಳೆಯದು ಎಂದು ಕೇಳಿದರೆ ನಾನು ಜೂನ್, ಜುಲೈ ಹೇಳುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆಗಸದಲ್ಲಿ ಮೋಡ, ದಕ್ಕೆಯಲ್ಲಿ ಸಾಲಾಗಿ ನಿಂತ ಬೋಟುಗಳು, ತಾಡಪತ್ರಿಯ ಕೆಳಗೆ ಬಲೆ ಹರಡಿಕೊಂಡು ಹರಿದ ಕಣ್ಣುಗಳನ್ನು ಹೊಲಿಯುತ್ತಾ ಕೂತವರು. ಉಳಿದ ಹತ್ತು ತಿಂಗಳು ಅವರಿಗೆ ನಿಂತು ಮಾತಾಡಲು ಪುರುಸೊತ್ತು ಇರುವುದಿಲ್ಲ. ಆಗ ಇರುತ್ತದೆ. ತಾಡಪತ್ರಿಯ ಕೆಳಗಿನ ಬೆಳಕಿಗೆ ಎಫ್/2 ಇಡಿ, ಐಎಸ್ಒ 800 ಸಾಕಾಗಬಹುದು. ಬಲೆಯನ್ನು ಮಾತ್ರ ತುಳಿಯಬೇಡಿ, ಸುತ್ತು ಹಾಕಿ ಹೋಗಿ ಅವರ ಎದುರಿಗೆ ಕೂರಿ.